ಇಬ್ಬರಿಗೆ ಮೂರು ಕಿಲೋ

ಆ ಸೋಮವಾರ ನನ್ನ ಗಂಡನಿಗೆ ವಾರದ ರಜೆ. ಅವರು ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಹೋಟೆಲಿನವರಿಗೆ ಭಾನುವಾರ ರಜೆ ಸಿಗುವುದಿಲ್ಲ. ನಾನು ಮಹಾಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಸಂಜೆ ಡೊಂಬಿವಲಿಯ ಮನೆಗೆ ಬಂದಾಗ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ಚಾದರವೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕ್ಯಾಮೆರಾ, ಎರಡು ಲೆನ್ಸ್, ಟ್ರೈಪಾಡ್, ಬ್ಯಾಟರಿ, ಚಾರ್ಜರ್, ದೊಡ್ಡ ಪವರ್ ಬ್ಯಾಂಕ್ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಕೈಯಲ್ಲಿ ಕೊಕ್ಕೆಯ ತಕ್ಕಡಿ ಇತ್ತು.

"ಎಂತ ಇದು, ಸಂತೆಯಾ?" ಎಂದೆ.

"ದಾಟಿಕೊಂಡು ಬಾ ಮಾರಾಯ್ತಿ. ಟ್ರೈಪಾಡ್ ತುಳಿಯಬೇಡ."

ನವೆಂಬರ್‌ನಲ್ಲಿ ನಾವಿಬ್ಬರೂ ಇಲ್ಲಿಗೆ ಹತ್ತಿರದ ರೇವಸ್ ಬಂದರಿನಿಂದ ಕಾರವಾರದವರೆಗೆ ಸಮುದ್ರದ ಬದಿಯಲ್ಲೇ ನಡೆದು ಹೋಗುವುದೆಂದು ಮಾತಾಗಿತ್ತು. ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅಡ್ಡ ಬಂದರೆ ದೋಣಿ, ಉಳಿದಂತೆ ಕಾಲು. ಉಡುಪಿ ಕಡೆಯ ನಮ್ಮ ಊರಿಗೆ ನಾವು ಎಷ್ಟೋ ಸಲ ರೈಲಿನಲ್ಲಿ ಹೋಗಿದ್ದೇವೆ. ಹೆಚ್ಚಾಗಿ ರಾತ್ರಿಯ ರೈಲು, ಆದ್ದರಿಂದ ನಡುವಿನ ಊರುಗಳನ್ನು ನೋಡಿಯೇ ಇರಲಿಲ್ಲ. ನೋಡಬೇಕು, ಫೋಟೋ ತೆಗೆಯಬೇಕು ಎಂದು ಅವರ ಆಸೆ. ನಾನು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಕ್ಯಾಮೆರಾದ ಸಾಮಾನೆಲ್ಲ ಸೇರಿ ಮೂರು ಕಿಲೋ ಮೀರಬಾರದು. ಕ್ಯಾಮೆರಾ ಮತ್ತು ಲೆನ್ಸ್ ಅವರ ಚೀಲದಲ್ಲಿ, ಟ್ರೈಪಾಡ್ ಮತ್ತು ಚಾರ್ಜರ್ ನನ್ನ ಚೀಲದಲ್ಲಿ.

ಅಂದು ತೂಕ ಮೂರೂವರೆ ಬಂತು. ಉದ್ದದ ಲೆನ್ಸ್ ಬಿಡಿ ಎಂದೆ. ಅದು ದೂರದ ಹಕ್ಕಿಗಳನ್ನು ತೆಗೆಯುವಂಥದ್ದು.

"ಬೆಳ್ಳಕ್ಕಿ ತೆಗೆಯಲಿಕ್ಕೆ ಕಾರವಾರದವರೆಗೆ ನಡೆಯಬೇಕಾ? ಇಲ್ಲೇ ಸಾನಪಾಡಾದಲ್ಲಿ ಖಾಡಿ ಉಂಟಲ್ಲ?"

"ನಿನಗೆ ಹಕ್ಕಿ ಅಂದರೆ ಎಲ್ಲ ಬೆಳ್ಳಕ್ಕಿಯೇ. ನೀನು ಕುಕ್ಕರ್ ತರ್ತೇನೆ ಅಂದರೆ ನಾನು ಬೇಡ ಹೇಳ್ತಿದ್ದೆನಾ?"

"ಕುಕ್ಕರ್‌ನಲ್ಲಿ ಅನ್ನವಾದರೂ ಆಗ್ತದೆ."

ಅವರು ನಕ್ಕರು. ಟ್ರೈಪಾಡನ್ನು ಒಮ್ಮೆ ಎತ್ತಿದರು, ಲೆನ್ಸನ್ನು ಒಮ್ಮೆ ಎತ್ತಿದರು, ಎರಡನ್ನೂ ಮತ್ತೆ ಚಾದರದ ಮೇಲೆಯೇ ಇಟ್ಟರು. ಊಟದ ಹೊತ್ತಾದ ಕಾರಣ ಟ್ರೈಪಾಡನ್ನು ಮೂಲೆಗೆ ನಿಲ್ಲಿಸಿ, ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟಕ್ಕೇರಿಸಿದರು. ಆ ದಿನ ಇದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ರಾತ್ರಿ ಕುಚ್ಚಲಕ್ಕಿ ಅನ್ನ ಮತ್ತು ಬಸಳೆ ಸಾರು ಮಾಡಿದ್ದೆ.

ಮರುದಿನ ಮಧ್ಯಾಹ್ನ ಊಟದ ಗಿರಾಕಿಗಳ ಗದ್ದಲ ಮುಗಿದ ಮೇಲೆ ಅವರು ಗಲ್ಲಾದ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೋಟೆಲಿನವರು ನನಗೆ ಫೋನ್ ಮಾಡಿದಾಗ ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ನಾನು ಮಹಾಪೆಯಿಂದ ರಿಕ್ಷಾ ಹಿಡಿದು ಹೋದೆ. ಮುಗಿದಿತ್ತು. ಹೃದಯ ಎಂದರು.

ಆಮೇಲಿನ ಒಂದು ವರ್ಷದ ಬಗ್ಗೆ ಹೇಳುವಂಥದ್ದು ಕಡಿಮೆ. ಉತ್ತರಕ್ರಿಯೆಯ ಬೊಜ್ಜಕ್ಕೆ ಊರಿನಿಂದ ಜನ ಬಂದರು, ಹೋದರು. ನಾನು ಕೆಲಸಕ್ಕೆ ಮರಳಿದೆ. ಅವರ ಅಂಗಿಗಳನ್ನು ನಾನೂ ಮಗಳೂ ಸೇರಿ ಕೊಟ್ಟುಬಿಟ್ಟೆವು. ಕ್ಯಾಮೆರಾದ ಡಬ್ಬಿಯನ್ನು ಮಾತ್ರ ಯಾರೂ ಮುಟ್ಟಬಾರದೆಂದು ನಾನೇ ಹೇಳಿದೆ. ಅವರು ಇಟ್ಟ ಹಾಗೆಯೇ ಇರಲಿ ಎನ್ನುವುದು ನನ್ನ ಮನಸ್ಸಿನಲ್ಲಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಅದನ್ನು ಇಳಿಸಿ ಒರೆಸಿ ಹೂವಿಡುವ ರೂಢಿ ಇತ್ತು. ಸಾವಿನ ವರ್ಷ ಹಬ್ಬವಿಲ್ಲ. ಹಾಗಾಗಿ ಆಗಲೂ ಇಳಿಸಲಿಲ್ಲ.

ಅದು ಚಕ್ಕುಲಿ ತುಂಬಿಡುವ ಗಟ್ಟಿ ಮುಚ್ಚಳದ ಡಬ್ಬಿ. ಒಳಗೆ ತೇವ ಹೀರುವ ಸಣ್ಣ ಮಣಿಗಳ ಪೊಟ್ಟಣಗಳಿರುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಆ ಮಣಿಗಳನ್ನು ಅವರು ನನ್ನ ದೋಸೆ ಕಾವಲಿಯ ಮೇಲೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತಿದ್ದರು. ತೇವ ಹಿಡಿದು ಗುಲಾಬಿಯಾದ ಮಣಿಗಳು ಮತ್ತೆ ನೀಲಿಯಾಗುತ್ತಿದ್ದವು. ನನ್ನ ಕಾವಲಿ ಹಾಳಾಗುತ್ತದೆಂದು ನಾನು ಬೈಯುತ್ತಿದ್ದೆ. ಅವರು ಹೋದ ಮೇಲೆ ಆ ಕೆಲಸ ಯಾರೂ ಮಾಡಲಿಲ್ಲ. ಅದು ಬೇಕಾದ ಕೆಲಸವೆಂದು ನನಗೆ ಹೊಳೆಯಲೂ ಇಲ್ಲ. ನಡುವೆ ಒಂದು ಇಡೀ ಮಳೆಗಾಲ ಹೋಯಿತು.

ವರ್ಷಾಂತಿಕ ಮುಗಿದ ವಾರ, ಈ ನವೆಂಬರ್‌ನಲ್ಲಿ ನಾನು ನಡೆದು ಹೋಗುತ್ತೇನೆ ಎಂದು ಮಗಳಿಗೆ ಹೇಳಿದೆ. ಅವಳು ಠಾಣೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ.

"ಅಮ್ಮಾ, ಮೊಬೈಲ್ ಹೈ ನಾ? ಫೋಟೋ ಉಸೀ ಸೇ ಲೇ ಲೇನಾ," ಎಂದಳು.

ಫೋಟೋಕ್ಕೆ ಮೊಬೈಲೇ ಸಾಕು ಎಂದು ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹೋಗುವುದಾದರೆ ಅವರು ಆರಿಸಿಟ್ಟ ಸಾಮಾನಿನ ಜೊತೆಗೇ ಹೋಗಬೇಕು ಎಂದು ನನಗಿತ್ತು. ಅವರು ಕೈಯಾರೆ ಮಾಡಿ ಅರ್ಧಕ್ಕೆ ಬಿಟ್ಟಿದ್ದ ಕೆಲಸ ಅದೊಂದೇ.

ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಮುಗ್ಗಲು ವಾಸನೆ ಬಂತು. ಮಣಿಗಳೆಲ್ಲ ಗುಲಾಬಿ. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಉದ್ದದ್ದರಲ್ಲಿ ತುಂಬಾ, ಗಿಡ್ಡದ್ದರಲ್ಲಿ ಅಂಚಿಗೆ ಸ್ವಲ್ಪ.

ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವವರಿದ್ದಾರೆ. ನಾನು ಹಿಂದಿಯಲ್ಲಿ ಮಾತು ಶುರು ಮಾಡಿದೆ. ಅವರು ಉದ್ದದ ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟು ತೋರಿಸಿದಾಗ, "ಅಯ್ಯೋ ದೇವರೇ," ಎಂದುಬಿಟ್ಟೆ. ಅವರು ತಲೆ ಎತ್ತಿದರು.

"ಕನ್ನಡದವರೇನ್ರಿ? ಯಾವ ಕಡಿ?"

"ಉಡುಪಿ ಕಡೆ."

"ನಂದು ವಿಜಯಪುರ. ಹಂಗಾದ್ರ ಕನ್ನಡದಾಗೇ ಬೈತೀನಿ ತಗೋರಿ. ಕ್ಯಾಮೆರಾ ಅಂದ್ರ ಏನು ಉಪ್ಪಿನಕಾಯಿ ಏನ್ರೀ ಅಕ್ಕಾರ, ವರ್ಷಗಟ್ಲೆ ಮುಚ್ಚಿ ಇಡಾಕ? ಗಾಳಿ, ಬೆಳಕು ಬೇಕ್ರಿ ಇದಕ್ಕ. ದಿನಾ ಕೈಯಾಗ ಹಿಡದ್ರ ಇದಕ್ಕ ಏನೂ ಆಗಂಗಿಲ್ಲ."

"ನಮ್ಮ ಯಜಮಾನರದ್ದು. ತೀರಿಕೊಂಡರು. ಮುಟ್ಟುವುದು ಬೇಡ ಅಂತ ಇಟ್ಟಿದ್ದೆ."

ಅವರು ಟಾರ್ಚ್ ಆರಿಸಿದರು. ಸ್ವಲ್ಪ ಹೊತ್ತು ಎರಡೂ ಲೆನ್ಸುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅವರಿದ್ದಾಗ ಭಾಳ ಚೊಲೋ ನೋಡ್ಕೊಂಡಾರ್ರಿ. ಹಳೇದೊಂದು ಕಲೀನೂ ಇಲ್ಲ. ಇದೆಲ್ಲಾ ಈ ಒಂದು ವರ್ಷದ್ದು," ಎಂದರು.

ಅವರು ಅದನ್ನು ಸಮಾಧಾನಕ್ಕೆ ಹೇಳಿದರು. ನಾನು ಮುಟ್ಟದೆ ಉಳಿಸಿದ್ದೇನೆಂದುಕೊಂಡಿದ್ದ ವರ್ಷದಲ್ಲಿಯೇ ಅದು ಹಾಳಾಗಿತ್ತು. ಗಿಡ್ಡ ಲೆನ್ಸನ್ನು ಬಿಚ್ಚಿ ಒರೆಸಬಹುದು, ಅಂಚಿನಲ್ಲಿ ಒಂದು ಮಚ್ಚೆ ಉಳಿಯುತ್ತದೆ ಎಂದರು. ಉದ್ದದ್ದರಲ್ಲಿ ಬೂಷ್ಟು ಗಾಜಿನ ಮೇಲಿನ ಲೇಪವನ್ನೇ ತಿಂದಿತ್ತು. ಅದು ಇನ್ನು ಆಗುವುದಿಲ್ಲ. ಬಿಡಿ ಎಂದು ನಾನು ಹೇಳಿದ್ದ ಲೆನ್ಸೇ ಕೊನೆಗೆ ಹೀಗೆ ಬಿಟ್ಟುಹೋಯಿತು. ಅದನ್ನು ಬಿಡಿಭಾಗಗಳಿಗಾಗಿ ಅಲ್ಲಿಯೇ ಕೊಡುತ್ತೀರಾ ಎಂದು ಕೇಳಿದರು. ಇಲ್ಲ ಎಂದು ವಾಪಸು ತಂದೆ.

ಈಗ ಕಾವಲಿಯ ಮೇಲೆ ಮಣಿ ಬಿಸಿ ಮಾಡುವವಳು ನಾನು. ಎರಡು ಭಾನುವಾರಕ್ಕೊಮ್ಮೆ.

ಜುಲೈಯಿಂದ ಚೀಲ ತುಂಬಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ, ಬೆನ್ನಿಗೆ ರೂಢಿಯಾಗಲಿ ಎಂದು. ಮೂರು ಕಿಲೋದ ಲೆಕ್ಕ ಎರಡು ಬೆನ್ನಿಗೆ ಹಾಕಿದ್ದು. ಈಗ ಎಲ್ಲವೂ ಒಂದರ ಮೇಲೆ ಬರಬೇಕು. ಮೊದಲ ದಿನ ಟ್ರೈಪಾಡ್ ಹೊರಕ್ಕೆ ಚಾಚಿಕೊಂಡಿತ್ತು. ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಳ ಕಿವಿಗೆ ತಾಗಿತು.

"ಮಾವಶಿ, ಬ್ಯಾಗ್ ಪುಢೆ ಘ್ಯಾ! ಕುಠೆ ಚಾಲಲಾತ್, ಹಿಮಾಲಯಾತ್?"

ಹಿಮಾಲಯಕ್ಕಲ್ಲ, ಕಾರವಾರಕ್ಕೆ, ನಡೆದುಕೊಂಡು ಎಂದು ಮರಾಠಿಯಲ್ಲೇ ಹೇಳಿದೆ.

"ಅಹೋ, ಟ್ರೇನ್ ಆಹೇ ನಾ ತಿಕಡೆ!"

ಅಲ್ಲಿಗೆ ರೈಲಿದೆಯಲ್ಲ ಎಂದು ಅವಳು ಅಷ್ಟು ಕಳಕಳಿಯಿಂದ ಹೇಳಿದ್ದಕ್ಕೆ ಸುತ್ತಲಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ಹೇಳಿದ ಹಾಗೆ ಚೀಲವನ್ನು ಮುಂದಕ್ಕೆ ತಿರುಗಿಸಿ ಎದೆಗೆ ಹಾಕಿಕೊಂಡೆ. ಮರುದಿನ ಟ್ರೈಪಾಡ್ ಮನೆಯಲ್ಲಿ ಉಳಿಯಿತು. ಅದರ ಮರುವಾರ ದೊಡ್ಡ ಪವರ್ ಬ್ಯಾಂಕ್ ತೆಗೆದೆ. ಈಗ ಕ್ಯಾಮೆರಾ, ಮಚ್ಚೆಯುಳಿದ ಗಿಡ್ಡ ಲೆನ್ಸ್, ಎರಡು ಬ್ಯಾಟರಿ, ಚಾರ್ಜರ್, ಒರೆಸುವ ಬಟ್ಟೆ, ಮಣಿಯ ಪೊಟ್ಟಣ. ಒಂದೂಕಾಲು ಕಿಲೋ. ಒಂದೇ ಲೆನ್ಸ್ ಆದ್ದರಿಂದ ಮರಳಿನಲ್ಲಿ ಲೆನ್ಸ್ ಬದಲಿಸುವ ತೊಂದರೆಯೂ ಇಲ್ಲ. ಫೋಟೋ ತೆಗೆಯುವುದನ್ನು ಮಗಳು ಕಲಿಸಿದ್ದಾಳೆ. ನನ್ನವು ಅಷ್ಟೇನೂ ಚೆನ್ನಾಗಿ ಬರುವುದಿಲ್ಲ. ಆಕಾಶ ಜಾಸ್ತಿ ಬರುತ್ತದೆ.

ಒಬ್ಬಳೇ ಹೋಗುವಂತಿಲ್ಲ, ಜೊತೆಗೆ ಯಾರಾದರೂ ಬೇಕು ಎಂದು ಮಗಳದ್ದು ಒಂದೇ ಹಟ. "ಅಕೇಲೀ ನಹೀ ಜಾನೇ ದೂಂಗೀ. ಕಿಸೀ ಕೋ ಸಾಥ್ ಲೇಕೇ ಜಾವೊ."

ಕಲ್ಯಾಣದಲ್ಲಿರುವ ನಾದಿನಿಯನ್ನು ಕೇಳಿದೆ. ಅವರಿಗೆ ಮಂಡಿ ನೋವು. "ನಮ್ಮ ಅಣ್ಣನಿಗೇ ಬುದ್ಧಿ ಇರಲಿಲ್ಲ, ಈಗ ನಿಮಗೂ ಹೋಯಿತಾ ಅತ್ತಿಗೆ?" ಎಂದು ಗದರಿಸಿ, ಚಹಾ ಕುಡಿಸಿ ಕಳಿಸಿದರು. ಪ್ಯಾಕಿಂಗ್‌ನಲ್ಲಿ ನನ್ನ ಪಕ್ಕದಲ್ಲಿ ಕೆಲಸ ಮಾಡುವವಳಿಗೆ ಬರುವ ಮನಸ್ಸಿದೆ, ಅಷ್ಟು ದಿನದ ರಜೆ ಇಲ್ಲ.

ನವೆಂಬರ್‌ಗೆ ಇನ್ನೂ ಸಮಯವಿದೆ. ನನ್ನ ರಜೆ ಮಂಜೂರಾಗಿದೆ. ಜೊತೆಗೆ ನಡೆಯುವವರು ಇಲ್ಲ.