ಬೀಗರ ಭತ್ತದ ಪೆಟ್ಟಿಗೆ

ಗುರುಮಲ್ಲಪ್ಪ ಬದುಕಿದ್ದಷ್ಟು ಕಾಲ ಅವನ ಮನೆಯ ಹೊಸಿಲು ದಾಟಿ ಒಳಗೆ ಹೋದ ಸಾಮಾನು ಹೊರಗೆ ಬಂದದ್ದಿಲ್ಲ. ನಂಜನಗೂಡಿನ ಬಜಾರಿನಲ್ಲಿ ಅವನದು ದಿನಸಿ ಅಂಗಡಿ. ಹಗಲೆಲ್ಲ ಬೇಳೆ, ಬೆಲ್ಲ ತೂಗಿ ಕೊಡುತ್ತಿದ್ದವನಿಗೆ ಮನೆಗೆ ಬಂದರೆ ತಳ ಒಡೆದ ಬಕೆಟ್ಟು ಬಿಡುವುದಕ್ಕೂ ಕೈ ಬಾರದು. ಹಿಡಿ ಮುರಿದ ಕೊಡೆ, ಬತ್ತಿಯಿಲ್ಲದ ಸ್ಟೌ, ಸವೆದ ಸೈಕಲ್ ಟೈರು ಎಲ್ಲವೂ ಹಿಂದಿನ ಕೋಣೆಗೆ. "ಇರ್ಲಿ ಬುಡಮ್ಮಿ, ಬೇಕಾಯ್ತದೆ" ಎನ್ನುವನು. ಬೇಕಾದ ದಿನ ಅದು ಸಿಕ್ಕದೆ ಹೊಸದನ್ನು ತರುವನು. ಆಮೇಲೆ ಎರಡೂ ಇರುತ್ತಿದ್ದವು.

ಹೆಂಡತಿ ಚನ್ನಬಸಮ್ಮನವರು ಇದನ್ನು ಸಹಿಸಿಕೊಂಡದ್ದು ತೊಂಬತ್ತೆಂಟರವರೆಗೆ. ಆ ವರ್ಷ, ಟಿ. ನರಸೀಪುರಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ನಂದಿತಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದು. ಗಾಳಿ ನುಗ್ಗದ ಕೋಣೆಯೆಂದರೆ ಆ ಮನೆಯಲ್ಲಿ ಆ ಹಿಂದಿನ ಕೋಣೆಯೊಂದೇ. ಬೀಗಿತಿ ಮಂಗಳಮ್ಮ ಆಗಲೇ ಬಲು ಮೆತ್ತಗೆ, ಜಾಗ ಇಲ್ಲದಿದ್ದರೆ ಸಂಕೋಚ ಬೇಡ, ನಮ್ಮಲ್ಲೇ ಆಗಲಿ ಎಂದಿದ್ದರು. ಆ ಮೆತ್ತನೆಯ ಮಾತು ಚನ್ನಬಸಮ್ಮನವರ ಗಂಟಲಿನಿಂದ ಇಳಿಯಲೇ ಇಲ್ಲ.

"ಈ ಕೋಣೇಲಿ ನಿಮ್ ಗುಜರಿ ಇರ್ಬೇಕಾ, ನನ್ ಮಗ್ಳು ಇರ್ಬೇಕಾ, ಯೋಳ್ಬುಡಿ."

ಗುರುಮಲ್ಲಪ್ಪ ಮಗಳೆಂದ. ಆದರೆ ಗುಜರಿಯವನಿಗೆ ಹಾಕುವುದು ಅವನ ಜಾಯಮಾನವಲ್ಲ. ಸೀಮಂತ ಮುಗಿಸಿ ಮಗಳನ್ನು ಕರೆತರಲು ಹೊರಟ ದಿನ ಮನೆ ಮುಂದೆ ಟೆಂಪೊ ನಿಂತಿತು. ಮಡಿಲಕ್ಕಿ, ಹಣ್ಣು, ಸೀರೆಯ ಹಿಂದೆ ಅರ್ಧ ಕೋಣೆಯೇ ಏರಿ ಕೂತಿತ್ತು. ಬೀಗರ ಮನೆಗೆ ಬರಿಗೈಲಿ ಹೋಗಬಾರದು, ಅವರದು ದೊಡ್ಡ ಮನೆ, ಸಾಮಾನುಗಳು ಜೋಪಾನವಾಗಿಯೂ ಇರುತ್ತವೆ ಎಂಬುದು ಅವನ ಲೆಕ್ಕಾಚಾರ. ದಾರಿಯುದ್ದಕ್ಕೂ ಚನ್ನಬಸಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂತರು.

ಬೀಗರಾದ ಗಂಗಾಧರಸ್ವಾಮಿ ಎಲ್ಲವನ್ನೂ ಇಳಿಸಿಕೊಂಡರು. ಅವರದೂ ಒಂದು ಹಿಂದಿನ ಕೋಣೆ ಇತ್ತು. ಅದನ್ನು ಖಾಲಿ ಮಾಡಿಸಿರೆಂದು ಮಂಗಳಮ್ಮ ವರ್ಷಗಳಿಂದ ಗೋಗರೆಯುತ್ತಿದ್ದರು. ಊಟ ಮುಗಿಯುವಷ್ಟರಲ್ಲಿ ಟೆಂಪೊ ಮತ್ತೆ ತುಂಬಿತ್ತು. ಹಗ್ಗ ಹರಿದ ಮಂಚ, ತುಕ್ಕು ಹಿಡಿದ ಹಂಡೆ, ಇವೆಲ್ಲಕ್ಕೂ ಅಡಿಯಲ್ಲಿ ಆಳುದ್ದದ ಭತ್ತದ ಪೆಟ್ಟಿಗೆ.

"ತವರಿನೋರ್ನ ಬರಿಗೈಲಿ ಕಳ್ಸೋದು ಮರ್ವಾದೆನಾ ಬೀಗರೇ?" ಎಂದರು ಗಂಗಾಧರಸ್ವಾಮಿ.

ಬೇಡವೆಂದರೆ ಮಗಳ ಮನೆಗೆ ಅವಮಾನ. ಗುರುಮಲ್ಲಪ್ಪನಂತೂ ಪೆಟ್ಟಿಗೆಯ ಮರವನ್ನು ತಟ್ಟಿ ತಟ್ಟಿ ನೋಡಿ ಹಿಗ್ಗಿದ. ಅದು ಹಿಂದಿನ ಕೋಣೆಗೆ ಸೇರಿದ ಮೇಲೆ ಅಲ್ಲಿ ಬಾಣಂತಿ ಇರಲಿ, ಬೆಕ್ಕು ಮಲಗುವುದಕ್ಕೂ ಜಾಗ ಉಳಿಯಲಿಲ್ಲ.

ಅಡುಗೆಮನೆಯಲ್ಲಿ ಕೂತು ಚನ್ನಬಸಮ್ಮನವರು ಅತ್ತರು. ಗುರುಮಲ್ಲಪ್ಪ ಅದನ್ನು ನೋಡಿದ. ನೋಡಿ, ತಾವಿಬ್ಬರೂ ಮಲಗುತ್ತಿದ್ದ ಕೋಣೆಯ ಕಿಟಕಿಯ ಸಂದುಗಳಿಗೆ ಗೋಣಿತಾಟು ತುರುಕಿ, ತನ್ನ ಹಾಸಿಗೆ ಸುತ್ತಿಕೊಂಡು ಹೋಗಿ ಭತ್ತದ ಪೆಟ್ಟಿಗೆಯ ಮೇಲೆ ಹಾಸಿದ. ಬಾಣಂತನ ತವರಿನಲ್ಲೇ ನಡೆಯಿತು. ಸಾಂಬ್ರಾಣಿಯ ಹೊಗೆ, ಕೂಸಿನ ಅಳು, ಯಾವುದಕ್ಕೂ ಕೊರತೆಯಾಗಲಿಲ್ಲ. ನಂದಿತಾ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ಗುರುಮಲ್ಲಪ್ಪ ಮಾತ್ರ ಪೆಟ್ಟಿಗೆ ಬಿಟ್ಟು ಇಳಿಯಲಿಲ್ಲ. ಬೆನ್ನಿಗೆ ಹಿತವಾಗಿದೆ ಎನ್ನುತ್ತಿದ್ದ. ಮಗಳಿಗೆ ಕೋಣೆ ಬಿಟ್ಟುಕೊಟ್ಟವನು ಗುಜರಿಗೋಸ್ಕರ ಹೆಂಡತಿಯನ್ನೂ ಬಿಟ್ಟ ಎಂದು ಸ್ನೇಹಿತರು ಹಂಗಿಸಿದರೆ, ತನ್ನ ಮೇಲೆ ಆಡಿದ್ದಲ್ಲವೆಂಬಂತೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಎರಡು ಸಾವಿರದ ಆರರ ಮಳೆಗಾಲದಲ್ಲಿ, ಅದೇ ಪೆಟ್ಟಿಗೆಯ ಮೇಲೆ, ನಿದ್ದೆಯಲ್ಲೇ ಹೋದ.

ಶಿವಗಣಾರಾಧನೆಯ ದಿನ ಚನ್ನಬಸಮ್ಮನವರು ಕೋಣೆಯ ಬಾಗಿಲು ತೆಗೆಸಿದರು. ಉಂಡು ಎದ್ದವರಿಗೆಲ್ಲ ಒಂದೊಂದು ಸಾಮಾನು. ಸಾವಿನ ಮನೆಯಲ್ಲಿ ಬೇಡವೆನ್ನುವವರು ಯಾರು? ದೊಡ್ಡ ಮನುಷ್ಯರೆಲ್ಲ ಮುರಿದ ಕೊಡೆ, ಸವೆದ ಟೈರು ಹಿಡಿದುಕೊಂಡು ತಲೆ ತಗ್ಗಿಸಿ ಬಜಾರಿನಲ್ಲಿ ನಡೆದರು. ಕೊನೆಗೆ ಉಳಿದವರು ಗಂಗಾಧರಸ್ವಾಮಿ, ಉಳಿದದ್ದು ಭತ್ತದ ಪೆಟ್ಟಿಗೆ. ಹೊರಗೆ ಟೆಂಪೊ ಕಾಯುತ್ತಿತ್ತು.

"ಇದು ನಾವ್ ಕೊಟ್ಟದ್ದಲ್ವಾ ಬೀಗಿತಿ" ಎಂದರು ಅವರು, ತೀರಾ ಸಣ್ಣ ದನಿಯಲ್ಲಿ.

"ಬರಿಗೈಲಿ ಕಳ್ಸೋದು ಮರ್ವಾದೆನಾ ಬೀಗರೇ?"

ಗಂಗಾಧರಸ್ವಾಮಿ ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿದರು. ಮುಚ್ಚಳದ ಮೇಲೆ, ಗುರುಮಲ್ಲಪ್ಪ ತಲೆಯಿಡುತ್ತಿದ್ದ ಕಡೆ, ಎಣ್ಣೆಯ ಕರೆ ಹಾಸಿಗೆಯನ್ನೂ ದಾಟಿ ಮರಕ್ಕೆ ಇಳಿದಿತ್ತು. ಕೊಡುವ ಮುನ್ನ ಪ್ರತಿಯೊಂದು ಸಾಮಾನನ್ನೂ ಒರೆಸಿ ಕೊಟ್ಟಿದ್ದ ಚನ್ನಬಸಮ್ಮನವರು ಬಟ್ಟೆ ಹಿಡಿದು ಬಗ್ಗಿದರು. ಬಗ್ಗಿದವರು ಒರೆಸದೆ, ಆ ಕರೆಯ ಮೇಲೆ ಹಾಗೇ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡಿದ್ದರು.

"ನಡೀರಿ, ಎತ್ತಿ" ಎಂದರು.