ಶಹಜಾದಿಯ ತುಟ್ಟಿ ಪೆಟ್ರೋಲು

ಸವಣೂರಿನ ಎಲೆ ತೋಟಗಳ ಮಗ್ಗುಲಲ್ಲೇ ಮೆಹಬೂಬನ ಮನೆ. ವಯಸ್ಸು ಐವತ್ತೆಂಟು, ಕಸುಬು ವೀಳ್ಯದೆಲೆಯ ವ್ಯಾಪಾರ. ಉಳಿದ ವ್ಯಾಪಾರಿಗಳು ಎಲೆಯ ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿ ಕಳುಹಿಸಿ ಮನೆಯಲ್ಲಿ ಕುಳಿತರೂ ಮೆಹಬೂಬ ಮಾತ್ರ ಇಂದಿಗೂ ತಾನೇ ಒಯ್ದು ಕೊಡುತ್ತಾನೆ. ಪ್ರತಿ ಮಂಗಳವಾರ ಬೆಳಿಗ್ಗೆ ತನ್ನ ಹಸಿರು ಬಣ್ಣದ ಎಕ್ಸೆಲ್ ಗಾಡಿಗೆ ಮೂರು ಬುಟ್ಟಿ ಎಲೆ ಹೇರಿಕೊಂಡು ಬಂಕಾಪುರ, ಹಾನಗಲ್ಲು, ಆಡೂರು ದಾಟಿ ತಿಳವಳ್ಳಿಯವರೆಗೆ ಹೋಗಿ ಸಂಜೆಯೊಳಗೆ ಮರಳುತ್ತಾನೆ. ದಾರಿಯುದ್ದಕ್ಕೂ ಅವನ ಹಾರ್ನಿನ ಸದ್ದು ಕೇಳಿಯೇ ಅಂಗಡಿಯವರು ಹೊರಗೆ ಬರುತ್ತಾರೆ. ಒಬ್ಬರು ಚಹಾ ಕುಡಿಸುತ್ತಾರೆ. ಇನ್ನೊಬ್ಬರು ಮಗಳ ಮದುವೆಗೆ ಎಷ್ಟು ಕಟ್ಟು ಎಲೆ ಬೇಕಾದೀತೆಂದು ಕೇಳುತ್ತಾರೆ. ವಾರದಲ್ಲಿ ಆರು ದಿನ ತಾನು ವ್ಯಾಪಾರಿ, ಮಂಗಳವಾರ ಒಂದು ದಿನ ತಾನು ರಾಜ ಎಂದು ಅವನು ಹೇಳಿಕೊಳ್ಳುವುದುಂಟು.

ಆ ಗಾಡಿಯ ಹೆಸರು ಶಹಜಾದಿ. ಹೆಸರು ಹಳೆಯದು. ಮೆಹಬೂಬನ ತಂದೆ ಇನಾಯತಸಾಬರು ಇದೇ ದಾರಿಯಲ್ಲಿ ಟಾಂಗಾದಲ್ಲಿ ಎಲೆ ಒಯ್ಯುತ್ತಿದ್ದರು; ಅವರ ಕುದುರೆಗೆ ಆ ಹೆಸರಿತ್ತು. ಹೋಗುವಾಗ ಅದಕ್ಕೆ ಬರಿಯ ಹುಲ್ಲು ಮತ್ತು ನೀರು. ಎಲೆಯೆಲ್ಲ ಮಾರಿ ಮರಳುವಾಗ ಹಾನಗಲ್ಲಿನಲ್ಲಿ ಟಾಂಗಾ ನಿಲ್ಲಿಸಿ ನೆನೆಸಿದ ಕಡಲೆಯನ್ನೂ ಒಂದು ಹೆಂಟೆ ಬೆಲ್ಲವನ್ನೂ ತಿನ್ನಿಸುತ್ತಿದ್ದರು. ದುಡಿದ ಮೇಲೆ ಕೊಟ್ಟರೆ ಅದು ಪ್ರೀತಿ, ದುಡಿಯುವ ಮೊದಲೇ ಕೊಟ್ಟರೆ ಲಂಚ ಎಂದು ಮಗನಿಗೆ ಹೇಳುತ್ತಿದ್ದರು.

ಕುದುರೆ ಹೋಯಿತು, ಟಾಂಗಾ ಹೋಯಿತು. ಪದ್ಧತಿ ಮಾತ್ರ ಉಳಿಯಿತು. ಮೆಹಬೂಬ ಹೋಗುವಾಗ ಸವಣೂರಿನಲ್ಲಿ ಸಾದಾ ಪೆಟ್ರೋಲು ಹಾಕಿಸುತ್ತಾನೆ. ಮರಳುವಾಗ ಹಾನಗಲ್ಲಿನ ಪಂಪಿನಲ್ಲಿ, ಪ್ರೀಮಿಯಂ ಎಂದು ಬೋರ್ಡು ಹಚ್ಚಿದ ಬೇರೆಯ ಪೈಪಿನಿಂದ ಎರಡು ಲೀಟರು ಹಾಕಿಸುತ್ತಾನೆ. ಜನರ ಬಾಯಲ್ಲಿ ಅದು ತುಟ್ಟಿ ಪೆಟ್ರೋಲು. ಅದು ಟಾಕಿಗೆ ಇಳಿದದ್ದೇ ತಡ, ಗಾಡಿಯ ದನಿಯೇ ಬದಲಾಗುತ್ತದೆ ಎಂಬುದು ಅವನು ಇಪ್ಪತ್ತು ಮಂದಿಗೆ ಹೇಳಿದ ಅನುಭವ. ಬೆಳಿಗ್ಗೆ ಏರಿನಲ್ಲಿ ಮುದುಕಿಯಂತೆ ನರಳಿದ ಶಹಜಾದಿ ಸಂಜೆ ಅದೇ ದಾರಿಯಲ್ಲಿ ಹಾಡಿಕೊಂಡು ಬರುತ್ತಾಳೆ.

ಹೀಗಿರಲು ಪೆಟ್ರೋಲಿನ ಬೆಲೆ ಮತ್ತೊಮ್ಮೆ ಏರಿತು. ಸಾದಾ ಪೆಟ್ರೋಲೇ ಲೀಟರಿಗೆ ನೂರು ರೂಪಾಯಿ ದಾಟಿ ಎಷ್ಟೋ ಕಾಲವಾಗಿತ್ತು; ತುಟ್ಟಿಯದಂತೂ ಅದರ ತಲೆಯ ಮೇಲೆ ಕುಳಿತಿತ್ತು. ಸೋಮವಾರ ಸಂಜೆ ಗೋಣಿತಟ್ಟುಗಳನ್ನು ನೀರಿನ ಹೌದಿನಲ್ಲಿ ಅದ್ದುತ್ತಿದ್ದ ಅವನ ಹೆಂಡತಿ ನಸೀರಾ ತಲೆಯೆತ್ತದೆಯೇ ಮಾತು ತೆಗೆದಳು.

"ಏನ್ರೀ, ಮಂಗಳವಾರದ ಗಳಿಕಿ ಎಲ್ಲಾ ನಿಮ್ಮ ಶಹಜಾದಿನ ಕುಡಿದ್ರ ನಾವೇನು ಎಲಿ ತಿಂದು ಇರೂದೇನು? ಒಂದು ಆ ತುಟ್ಟಿ ಪೆಟ್ರೋಲ ಬಿಡ್ರಿ, ಇಲ್ಲಾ ತಿಳವಳ್ಳಿ ಬಿಡ್ರಿ. ಎಲ್ಲಾರ ಹಂಗ ಬಸ್ಸಿಗೆ ಹಾಕಿ ಕಳಿಸಿದ್ರಾತು."

ಮೆಹಬೂಬ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟ. "ತುಟ್ಟಿ ಪೆಟ್ರೋಲ ಬಿಟ್ಟ್ರ ಗಾಡಿ ನಡೆಯೂದಿಲ್ಲ ನಸೀರಾ. ಗಾಡಿ ನಡೀಲಿಲ್ಲಂದ್ರ ತಿಳವಳ್ಳಿ ತಾನ ಬಿಟ್ಟಂಗ ಆತು."

"ನಡೆಯೂದಿಲ್ಲಂತ ಯಾರು ಹೇಳ್ಯಾರ?"

"ಗಾಡಿನ ಹೇಳತೈತಿ. ನನಗ ಕೇಳತೈತಿ."

"ನನಗ ಕೇಳೂದಿಲ್ಲಲ್ರಿ. ನನ್ನ ಕಿವಿ ಸಾದಾ ಕಿವಿ." ನಸೀರಾ ತಟ್ಟನ್ನು ಹಿಂಡದೆಯೇ ಬುಟ್ಟಿಗೆ ಸುತ್ತಿದಳು. "ಹಂಗಾದ್ರ ನೋಡೇ ಬಿಡೂಣು. ನಾಳೆ ಬರುವಾಗ ನಿಮ್ಮ ಪದ್ಧತಿಪ್ರಕಾರ ಎರಡು ಲೀಟರ್ ತುಟ್ಟಿದು ಹಾಕಸ್ಕೊಂಡು ಬರ್ರಿ. ಬಂದ ಕೂಡಲೇ ಚಾವಿ ನನ್ನ ಕೈಯಾಗ ಕೊಡ್ರಿ. ಮುಂದಿನ ಮಂಗಳವಾರದ ತನಕ ಗಾಡಿ ಮುಟ್ಟಬ್ಯಾಡ್ರಿ. ಅವತ್ತ ಹೋಗೂದು ತುಟ್ಟಿದ್ರಾಗ, ಬರೂದು ಸಾದಾದ್ರಾಗ."

ಆ ವಾರವೆಲ್ಲ ಗಾಡಿಯ ಚಾವಿ ನಸೀರಾಳ ಸೆರಗಿನ ಗಂಟಿನಲ್ಲಿತ್ತು. ಮೆಹಬೂಬ ಬುಟ್ಟಿ ಹೊತ್ತುಕೊಂಡು ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋಗಿಬಂದ. ದಿನಕ್ಕೆ ಎರಡು ಸಲ ಶಹಜಾದಿಯ ಬಳಿ ನಿಂತು ಸೀಟು ಒರೆಸಿದ. ಅವನ ಮನಸ್ಸಿನಲ್ಲಿ ಒಂದು ತೊಡಕು ಹುಟ್ಟಿಕೊಂಡಿತ್ತು. ತನ್ನ ಮಾತೇ ನಿಜವಾದರೆ ನಸೀರಾ ಸೋಲುತ್ತಾಳೆ; ಆದರೆ ತುಟ್ಟಿ ಪೆಟ್ರೋಲಿಗೆ ದುಡ್ಡಿಲ್ಲದೆ ಮಂಗಳವಾರ ಕೈಬಿಡುತ್ತದೆ. ತನ್ನ ಮಾತು ಸುಳ್ಳಾದರೆ ಮಂಗಳವಾರ ಉಳಿಯುತ್ತದೆ. ಆದರೆ ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದೇನಾಯಿತು? ಗೆದ್ದರೂ ಕಷ್ಟ, ಸೋತರೂ ನಾಚಿಕೆ.

ಮಂಗಳವಾರ ಬಂದಿತು. ಎಂದಿನಂತೆ ಎರಡು ಬುಟ್ಟಿಗಳು ಗಾಡಿಯ ಎರಡೂ ಬದಿಗೆ ತೂಗಿದವು, ಮೂರನೆಯದು ಕಾಲ ಬಳಿ ಕುಳಿತಿತು. ಎಲೆ ಬಾಡಬಾರದೆಂದು ಬುಟ್ಟಿಗಳಿಗೆ ಎರಡೆರಡು ಸುತ್ತು ಒದ್ದೆ ತಟ್ಟು. ದಾರಿಯಲ್ಲಿ ಮತ್ತೆ ಚಿಮುಕಿಸಲು ಹಿಂದಿನ ಸೀಟಿನ ಮೇಲೆ ತುಂಬಿದ ನೀರಿನ ಕ್ಯಾನು. ನಸೀರಾ ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು.

ಟಾಕಿಯಲ್ಲಿದ್ದದ್ದು ತುಟ್ಟಿ ಪೆಟ್ರೋಲು. ಮೆಹಬೂಬ ಕಿವಿ ನಿಮಿರಿಸಿಕೊಂಡು ಹೊರಟ. ಬಂಕಾಪುರದವರೆಗೆ ಒಂದೇ ಸಮನೆ ಹೋಯಿತು. ಅದನ್ನು ದಾಟಿ ಏರು ಬಂದಿತೋ ಇಲ್ಲವೋ, ಶಹಜಾದಿ ನರಳತೊಡಗಿದಳು, ಪ್ರತಿ ಮಂಗಳವಾರ ಬೆಳಿಗ್ಗೆ ನರಳುವ ಹಾಗೆಯೇ.

"ಇವತ್ತ ಬೆಲ್ಲ ತಿಂದೀದಿ, ನೆನಪೈತಿಲ್ಲೋ?" ಎಂದು ಮೆಹಬೂಬ ಹ್ಯಾಂಡಲ್ಲಿನತ್ತ ಬಾಗಿ ಕೇಳಿದ. ಎತ್ತಿನ ಗಾಡಿಯೊಂದು ಪಕ್ಕದಲ್ಲಿ ಸಾಗುತ್ತಿತ್ತು; ಅದರ ಮೇಲೆ ಕುಳಿತಿದ್ದವನು ತನಗೇ ಕೇಳಿದನೆಂದು ತಿಳಿದು, "ಇಲ್ರಿ, ಇವತ್ತ ಉಪ್ಪಿಟ್ಟು" ಎಂದ.

ತಿಳವಳ್ಳಿ ಮುಟ್ಟುವಷ್ಟರಲ್ಲಿ ಮೆಹಬೂಬನ ಮುಖ ಸಣ್ಣಗಾಗಿತ್ತು. ಅಲ್ಲಿ ಪೂಜೆಯ ಸಾಮಾನಿನ ಅಂಗಡಿ ಇಟ್ಟಿರುವ ಮಹಾದೇವಕ್ಕ ಇನಾಯತಸಾಬರ ಕಾಲದಿಂದಲೂ ಇವರ ಎಲೆಯ ಗಿರಾಕಿ. ಎಪ್ಪತ್ತು ದಾಟಿದರೂ ಕಟ್ಟುಗಳನ್ನು ತಾನೇ ಆರಿಸಿಕೊಳ್ಳಬೇಕು. ಬುಟ್ಟಿಯನ್ನು ತನ್ನತ್ತ ಎಳೆಯಲು ಹೋದಳು, ಅದು ಅಲುಗಲಿಲ್ಲ.

"ಏನೋ ಮೆಹಬೂಬ, ಎಲಿ ಮಾರಾಕ ಬಂದಿಯೋ, ಸವಣೂರಿನ ಕೆರಿ ಹೊತ್ಕೊಂಡು ಬಂದಿಯೋ?" ಎಂದು ತಟ್ಟಿನ ತುದಿ ಹಿಂಡಿದಳು. ನೀರು ಕಟ್ಟೆಯ ಮೇಲೆಲ್ಲ ಹರಿಯಿತು.

"ತಂಪಿರಬೇಕಲ್ಲಬೇ ಅಕ್ಕ. ಇಲ್ಲಂದ್ರ ಎಲಿ ಬಾಡತಾವು."

"ನಿಮ್ಮಪ್ಪ ಇನಾಯತಣ್ಣ ತರತಿದ್ದ. ಬುಟ್ಟಿ ಒಳಗ ಬಾಳಿ ಎಲಿ ಹಾಸತಿದ್ದ, ಮ್ಯಾಲ ಬಾಳಿ ಎಲಿ ಹೊಚ್ಚತಿದ್ದ. ಒಂದ ಕೈಲೆ ಎತ್ತಿ ಇಡತಿದ್ದೆ ನಾನು. ಒಂದು ಎಲಿನೂ ಬಾಡತಿರಲಿಲ್ಲ. ಕುದುರಿ ಬೆನ್ನಿನ ಕಾಳಜಿ ಇತ್ತು ಅವಂಗ. ನಿಂದು ಕಬ್ಬಿಣದ ಕುದುರಿ, ಬಾಯಿಲ್ಲಂತ ಹೇರತಿ."

ಮೆಹಬೂಬ ಎಲೆ ಕೊಟ್ಟ, ಚಹಾ ಕುಡಿದ, ಖಾಲಿ ಬುಟ್ಟಿಗಳನ್ನೂ ಹಿಂಡಿ ಹಗುರ ಮಾಡಿದ ತಟ್ಟುಗಳನ್ನೂ ಬರಿದಾದ ಕ್ಯಾನನ್ನೂ ಕಟ್ಟಿಕೊಂಡು ಹೊರಟ. ಹಾನಗಲ್ಲಿನ ಪಂಪಿಗೆ ಬರುವಷ್ಟರಲ್ಲಿ ಪೆಟ್ರೋಲು ತಳ ಕಂಡಿತ್ತು. ಪರಿಚಯದ ಹುಡುಗಿ ತುಟ್ಟಿಯ ಪೈಪಿಗೆ ಕೈ ಹಾಕಿದಳು. "ಬ್ಯಾಡವ್ವಾ, ಇವತ್ತ ಸಾದಾ" ಎಂದಾಗ ಅವಳು ಕಾಕಾನ ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ನೋಡಿದಳು.

ಪಂಪು ಬಿಟ್ಟು ಮೈಲಿ ದೂರ ಬಂದಿರಲಿಲ್ಲ, ಶಹಜಾದಿ ಹಾಡತೊಡಗಿದಳು. ಅದೇ ದನಿ. ತುಟ್ಟಿಯದನ್ನು ಕುಡಿದಾಗಿನ ದನಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೆಹಬೂಬ ಬ್ರೇಕು ಹಿಡಿದು ನಿಂತ. ಗಾಡಿ ತಿರುಗಿಸಿ ಹಾನಗಲ್ಲಿನ ಮೆಕ್ಯಾನಿಕ್ ಬೀರಪ್ಪನ ಅಂಗಡಿಗೇ ಮರಳಿ ಬಂದ. ನಡೆದದ್ದನ್ನೆಲ್ಲ ಹೇಳಿ, "ಪಂಪಿನವ್ರು ತಪ್ಪಿ ತುಟ್ಟಿದು ಹಾಕಿಲ್ಲಲ್ಲ?" ಎಂದು ಕೇಳಿದ.

ಬೀರಪ್ಪ ಪಾನಾ ಕೆಳಗಿಟ್ಟು ನಕ್ಕ. "ಯಾರೂ ತಪ್ಪಿಲ್ಲ ಕಾಕಾ. ನಿಮ್ಮ ಗಾಡಿ ಸಾದಾ ಪೆಟ್ರೋಲಿಗೇ ತಯಾರಾದದ್ದು. ತುಟ್ಟಿದು ಯಾವ ಎಂಜಿನ್ನಿಗೆ ಬೇಕೋ ಅದರ ಪುಸ್ತಕದಾಗ ಬರದಿರತಾರ. ಇದಕ್ಕ ಹಾಕಿದ್ರ ಕೆಡಕೂ ಇಲ್ಲ, ಲಾಭನೂ ಇಲ್ಲ."

"ಮತ್ತ ಬರುವಾಗ ಹಾಡತಿತ್ತಲ್ಲೋ, ಇಷ್ಟು ವರ್ಷ?"

"ಹೋಗುವಾಗ ಎಷ್ಟು ಹೇರಿರತೀರಿ? ಬರುವಾಗ ಎಷ್ಟಿರತೈತಿ?"

ಮೆಹಬೂಬ ಖಾಲಿ ಬುಟ್ಟಿಗಳನ್ನು ನೋಡಿದ. ಖಾಲಿ ಕ್ಯಾನನ್ನು ನೋಡಿದ. ಟಾಂಗಾ ಕುದುರೆಯೂ ಮರಳುವಾಗ ಕುಣಿಯುತ್ತ ಓಡುತ್ತಿತ್ತು; ಬೆಲ್ಲದ ಬಲವೆಂದು ತಾನು ಚಿಕ್ಕಂದಿನಲ್ಲಿ ನಂಬಿದ್ದ. ಬೆನ್ನು ಹಗುರಾದದ್ದನ್ನು ಆಗಲೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಈಗಲೂ ಹಿಡಿದಿರಲಿಲ್ಲ. ಮೊದಲು ಕಿವಿ ಬಿಸಿಯಾಯಿತು. ಮರುಕ್ಷಣವೇ ಹೊಳೆಯಿತು: ತಾನು ಸೋತಿದ್ದೇನೆ, ಅಂದರೆ ಮಂಗಳವಾರ ಉಳಿಯಿತು. ಅವನು ನಗತೊಡಗಿದವನು ಬಂಕಾಪುರದವರೆಗೂ ನಗುತ್ತಲೇ ಬಂದ. ಶಹಜಾದಿಯೂ ಹಾಡುತ್ತಲೇ ಬಂದಳು.

ಬಾಗಿಲಲ್ಲಿ ನಿಂತಿದ್ದ ನಸೀರಾ ಮುಖ ನೋಡಿಯೇ ತಿಳಿದುಕೊಂಡಳು. "ಸೋತು ಬಂದವರು ಇಷ್ಟು ಖುಷಿಯಿಂದ ಬರೂದು ನಾ ಎಲ್ಲೂ ನೋಡಿಲ್ಲ."

"ನೀ ಗೆದ್ದಿ. ಬಾಳಿ ಎಲಿ ಎಲ್ಲಿ ಸಿಗತಾವ, ಹೇಳು."

ಮುಂದಿನ ಮಂಗಳವಾರ ಬುಟ್ಟಿಗಳೊಳಗೆ ಬಾಳೆಯೆಲೆ ಹಾಸಿತ್ತು, ಮೇಲೆ ಬಾಳೆಯೆಲೆ ಹೊದಿಸಿತ್ತು. ನಸೀರಾ ಒಂದೇ ಕೈಯಿಂದ ಬುಟ್ಟಿ ಎತ್ತಿ ತೂಗುಹಾಕಿದಳು. ತಟ್ಟಿಲ್ಲವಾದ ಮೇಲೆ ನೀರಿನ ಕ್ಯಾನಿಗೂ ಕೆಲಸವಿರಲಿಲ್ಲ. ಹಿಂದಿನ ಸೀಟು ಖಾಲಿ ಉಳಿಯಿತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಹೊಸ ಸೀರೆಯುಟ್ಟು, ದಾರಿಯಲ್ಲಿ ಬಾಯಾಡಿಸಲು ಕೈಯಲ್ಲಿ ಒಂದು ಪೊಟ್ಟಣ ಸವಣೂರ ಖಾರ ಹಿಡಿದು ಹೊರಬಂದಳು.

"ಇಪ್ಪತ್ತೆಂಟು ವರ್ಷ ಬುಟ್ಟಿ ಕಟ್ಟಿ ಕಳಿಸೇನಿ. ಆ ಮಹಾದೇವಕ್ಕನ ಮುಖ ಒಮ್ಮೆಯೂ ನೋಡಿಲ್ಲ. ನಡೀರಿ" ಎಂದು ಕ್ಯಾನಿನ ಜಾಗದಲ್ಲಿ ಕುಳಿತಳು.

ಬಂಕಾಪುರ ದಾಟಿ ಏರು ಬಂದಿತು. ಶಹಜಾದಿ ನರಳತೊಡಗಿದಳು.

"ಯಾಕ್ರೀ, ಬಾಳಿ ಎಲಿ ಹಾಕಿದ್ರೂ ಮತ್ತ ಗೊಣಗಾಕತ್ತೈತಿ?" ಎಂದು ನಸೀರಾ ಹಿಂದಿನಿಂದ ಕೇಳಿದಳು.

ಮೆಹಬೂಬನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆದರೆ ಹಾನಗಲ್ಲು ಇನ್ನೂ ದೂರವಿತ್ತು, ತಿಳವಳ್ಳಿ ಅದಕ್ಕಿಂತಲೂ ದೂರವಿತ್ತು.

"ಹೊಸಬರು ಕುಂತಾರಂತ ನಾಚಿಕ್ಯಾಗೈತಿ ಅದಕ್ಕ" ಎಂದ.

"ನನಗ ಗೊತ್ತೈತಿ ಏನಾಗೈತಿ ಅಂತ. ಸುಮ್ಮನ ಓಡಿಸ್ರಿ" ಎಂದು ನಸೀರಾ ಅವನ ಬೆನ್ನಿಗೊಂದು ಗುದ್ದಿ, ಖಾರದ ಪೊಟ್ಟಣ ಬಿಚ್ಚಿದಳು.