ಕಾರ್ ಶೆಡ್ಡಿಗೆ ಹಾಸಿದ ಮ್ಯಾಟು

ನಮ್ಮ ಕಾರ್ ಶೆಡ್ಡಿನ ನೆಲ ನನ್ನ ಪ್ರಾಣ ತಿನ್ನುತ್ತಿತ್ತು. ಎನ್.ಆರ್. ಕಾಲೋನಿಯ ಹಳೆಯ ಮನೆ ನಮ್ಮದು, ಶೆಡ್ಡು ಆಮೇಲೆ ಸೇರಿಸಿದ್ದು. ಆಗ ಹಾಕಿದ ಸಿಮೆಂಟು ಈಗ ಪುಡಿಪುಡಿಯಾಗಿ ಏಳುತ್ತಿತ್ತು. ಎಷ್ಟು ಗುಡಿಸಿದರೂ ಅಷ್ಟೇ ಧೂಳು. ಅದು ಚಪ್ಪಲಿಗೆ ಅಂಟಿ ಹಾಲ್‌ಗೆ ಬರುವುದು, ಹಾಲ್‌ನಿಂದ ಅಡುಗೆಮನೆಗೆ ಹೋಗುವುದು. ನೆಲ ಒಡೆಸಿ ಹೊಸದಾಗಿ ಹಾಕಿಸೋಣ ಎಂದರೆ, ಗಾರೆಯವರನ್ನು ಮನೆಗೆ ಕರೆಯುವ ಯೋಚನೆಗೇ ನನಗೆ ತಲೆನೋವು. ಎರಡು ದಿನದ ಕೆಲಸ ಅಂತ ಬಂದವರು ಎರಡು ತಿಂಗಳು ಇರುತ್ತಾರೆ. ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಜೊತೆಯವಳೊಬ್ಬಳು, ಸುರುಳಿ ಸುತ್ತಿದ ವಿನೈಲ್ ಮ್ಯಾಟು ಸಿಗುತ್ತದೆ, ತಂದು ಉರುಳಿಸಿದರೆ ಮುಗಿಯಿತು ಎಂದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮನೆಯಲ್ಲಿ ನಾನು, ಅಪ್ಪ, ಇಬ್ಬರೇ. ಅಮ್ಮ ಹೋಗಿ ಆರು ವರ್ಷವಾಯಿತು. ನನಗೆ ಮದುವೆ ಆಗಲಿಲ್ಲ, ಅದರಲ್ಲಿ ಕಥೆಯೇನೂ ಇಲ್ಲ. ಶೇಷಾದ್ರಿಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ, ಮೆಟ್ರೋದಲ್ಲಿ ಹೋಗಿ ಬರುತ್ತೇನೆ. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಈಗ ಎಂಬತ್ತೊಂದು. ನನಗೆ ಐವತ್ತೆರಡಾದರೂ ಅವರಿಗೆ ನಾನು ಪುಟ್ಟಿಯೇ. ಕಾರು ಅವರದು. ಹಿಂದಿನ ವರ್ಷ ಕಣ್ಣಿನ ಡಾಕ್ಟರು, ಎರಡೂ ಪಕ್ಕದ ನೋಟ ಕಮ್ಮಿಯಾಗಿದೆ, ಇನ್ನು ಡ್ರೈವಿಂಗ್ ಬೇಡ ಎಂದರು. ಅಪ್ಪ ವಾದ ಮಾಡಲಿಲ್ಲ. ಮನೆಗೆ ಬಂದು ಕೀಯನ್ನು ನನ್ನ ಕೈಗೆ ಕೊಟ್ಟು, "ಇನ್ನು ನಾನು ಸ್ಟೀರಿಂಗ್ ಮುಟ್ಟಲ್ಲ" ಅಂದರು, ಅಷ್ಟೆ. ಅವತ್ತಿನಿಂದ ಕೀ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ವಾರವೆಲ್ಲ ಕಾರು ಶೆಡ್ಡಿನಲ್ಲೇ. ಭಾನುವಾರ ನಾನು ತೆಗೆದು ಅಪ್ಪನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ, ಬರುವಾಗ ಗಾಂಧಿಬಜಾರಿನಲ್ಲಿ ತರಕಾರಿ ತರುತ್ತೇನೆ. ಅಪ್ಪ ಎಡಗಡೆ ಕೂತು, ಅಲ್ಲಿಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಾರೆ.

ಮ್ಯಾಟು ತರುವ ಮಾತು ಬಂದ ಕೂಡಲೇ ಅಪ್ಪ ಟೇಪು ಹಿಡಿದು ಶೆಡ್ಡು ಅಳೆದು, ಕಾಗದದ ಮೇಲೆ ಸ್ಕೇಲ್ ಪ್ರಕಾರ ನಕ್ಷೆ ಬರೆದರು. ಒಳಗೋಡೆಯ ಹತ್ತಿರ ಚಪ್ಪಲಿ ಬಿಡಲು ಒಂದಡಿ ಜಾಗ ಬಿಟ್ಟು, ಗೇಟಿನ ಹೊಸ್ತಿಲಿಗೆ ಸರಿಯಾಗಿ ಮ್ಯಾಟಿನ ಅಂಚು ಬರಬೇಕು. ಒಂದು ಮ್ಯಾಟಿಗೆ ಇಷ್ಟೆಲ್ಲ ಯಾಕೆ ಎಂದು ನಾನು ನಕ್ಕರೂ, ಅಂಗಡಿಯವನು ಆ ನಕ್ಷೆಯನ್ನು ನೋಡಿ ತಲೆದೂಗಿದ. ಬೂದು ಬಣ್ಣ, ಮೇಲೆಲ್ಲ ರೂಪಾಯಿ ನಾಣ್ಯದಂಥ ಉಬ್ಬು. ಬಿಸಿ ಟೈರು ನಿಂತರೆ ಕಪ್ಪು ಕರೆ ಬೀಳುತ್ತದೆ, ಸೋಪು ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ ಎಂದು ಅವನು ಮೊದಲೇ ಹೇಳಿದ. ಕೆಳಗೆ ಎರಡು ಕಡೆ ಅಂಟುವ ಟೇಪು ಹಾಕಿಸಿ, ಇಲ್ಲದಿದ್ದರೆ ನಿಲ್ಲುವುದಿಲ್ಲ ಎಂದೂ ಹೇಳಿದ. ಅಪ್ಪ ಹಾಕಿಸೋಣ ಅಂದರು. ನಾನು ಬೇಡವೆಂದೆ. ನಾಳೆ ಎತ್ತಿ ತೊಳೆಯಬೇಕಾದರೆ ಆ ಅಂಟನ್ನು ಕೀಳುತ್ತ ಕೂರುವವರು ಯಾರು? ಅಷ್ಟು ಭಾರದ ಮ್ಯಾಟು, ಅದರ ಮೇಲೆ ಕಾರು, ಅದೆಲ್ಲಿಗೆ ಓಡಿಹೋಗುತ್ತದೆ ಎಂದು ಅಂಗಡಿಯವನ ಬಾಯಿ ಮುಚ್ಚಿಸಿದೆ.

ಮ್ಯಾಟು ಲಗೇಜ್ ಆಟೋದಲ್ಲಿ ಬಂತು. ಉರುಳಿಸಿ, ಸುರುಳಿ ಏಳುತ್ತಿದ್ದ ಮೂಲೆಗಳ ಮೇಲೆ ರುಬ್ಬುಗುಂಡು, ನೀರು ತುಂಬಿದ ಬಕೆಟ್ಟು ಇಟ್ಟು ಒಂದು ದಿನ ಬಿಟ್ಟೆವು. ಚಪ್ಪಟೆಯಾಗಿ ಕೂತಿತು. ಶೆಡ್ಡಿಗೆ ಕಳೆ ಬಂತು. ಎರಡು ಮೂರು ದಿನ ಸುಮ್ಮನೆ ಹೋಗಿ ನೋಡಿ ಬರುತ್ತಿದ್ದೆ, ಅಷ್ಟು ಖುಷಿ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಶೆಡ್ಡಿನ ಸೂರಿನಿಂದ ದಾರ ಇಳಿಬಿಟ್ಟು, ಅದರ ತುದಿಗೆ ಅಪ್ಪ ಒಂದು ಹಿತ್ತಾಳೆಯ ಗುಂಡು ಕಟ್ಟಿದ್ದಾರೆ. ಕಾರು ಒಳಗೆ ಬರುವಾಗ ಗುಂಡು ಮುಂದಿನ ಗಾಜಿಗೆ ತಾಗಿದರೆ ನಿಲ್ಲಿಸಬೇಕು. ಒಂದಿಂಚು ಆಚೀಚೆ ಇಲ್ಲ. ಗಾಜಿಗೆ ಟಣ್ ಅಂದ ತಕ್ಷಣ ನಾನು ಗಕ್ಕನೆ ಬ್ರೇಕ್ ಹಾಕುತ್ತೇನೆ. ಹಾಗಾಗಿ ನಮ್ಮ ಕಾರು ಪ್ರತಿ ವಾರವೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಮೂರನೆಯ ಭಾನುವಾರ ಬೆಳಿಗ್ಗೆ ಮ್ಯಾಟು ತೊಳೆಯೋಣವೆಂದು ಕಾರನ್ನು ರಸ್ತೆಗೆ ತಂದು ನಿಲ್ಲಿಸಿ ಬಂದು ನೋಡಿದೆ. ಟೈರಿನ ಕರೆ ಬಿದ್ದಿತ್ತು. ಬೀಳುತ್ತದೆಂದು ಗೊತ್ತಿತ್ತು. ಆದರೆ ಒಂದೊಂದು ಚಕ್ರಕ್ಕೆ ಎರಡೆರಡು ಕರೆ, ಒಂದರಿಂದ ಇನ್ನೊಂದು ಎರಡು ಬೆರಳು ಹಿಂದೆ. ಹಿಂದಿನ ಸಂಜೆಯಷ್ಟೇ ಎದುರು ಮನೆಯಾಕೆ, ನಿಮ್ಮ ತಂದೆ ಮಧ್ಯಾಹ್ನ ಶೆಡ್ಡಿನ ಗೇಟು ತೆಗೆದು ಏನೋ ಮಾಡ್ತಿದ್ರು ಎಂದಿದ್ದರು. ನನ್ನ ತಲೆಯಲ್ಲಿ ಎರಡೂ ಸೇರಿ ಲೆಕ್ಕ ಮುಗಿದೇ ಹೋಯಿತು. ಅಪ್ಪ ನಾನಿಲ್ಲದಾಗ ಕಾರು ತೆಗೆದಿದ್ದಾರೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಕಿಲೋಮೀಟರ್ ಮೀಟರ್ ನೋಡಬಹುದಿತ್ತಲ್ಲ ಎಂದು ಕೇಳಬೇಡಿ. ಹಿಂದಿನ ವಾರ ಅದು ಎಷ್ಟಿತ್ತೆಂದು ಬರೆದಿಟ್ಟವರು ಯಾರು? ಅಪ್ಪ ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿದ್ದರು. ಕಾರು ತೆಗೆದಿರಾ ಎಂದು ಕೇಳಿದೆ. ಇಲ್ಲವಲ್ಲ ಅಂದರು. ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಮಂಡಿ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತು, ಕರೆಯ ಮೇಲೆ ಬೆರಳಾಡಿಸಿ ತುಂಬ ಹೊತ್ತು ನೋಡಿದರು.

"ಹೌದು, ಎರಡಿದೆ" ಅಂದರು.

"ಅದನ್ನೇ ಕೇಳ್ತಿರೋದು. ಎರಡು ಹೇಗ್ ಬಂತು?"

"ಗೊತ್ತಿಲ್ಲ ಪುಟ್ಟಿ."

ಮಧ್ಯಾಹ್ನ ಗೇಟು ಯಾಕೆ ತೆಗೆದಿರಿ ಎಂದರೆ, ಹೊಂಗೆ ಹೂವು ಹಾರಿ ಬಂದು ಮ್ಯಾಟಿನ ಮೇಲೆ ಬೀಳುತ್ತದೆ, ಗುಡಿಸಿದೆ ಅಂದರು. ನಾನು ನಂಬಲಿಲ್ಲ. ನಾಲಿಗೆ ಹರಿಬಿಟ್ಟೆ. "ಯಾರದ್ದಾದ್ರೂ ಮಗು ಅಡ್ಡ ಬಂದಿದ್ರೆ ಏನ್ ಮಾಡ್ತಿದ್ರಿ? ಮಾತು ಕೊಟ್ಟು ತಪ್ಪೋದಲ್ದೆ ಸುಳ್ಳು ಬೇರೆ ಹೇಳ್ತೀರಲ್ಲ" ಅಂದೆ. ಇಷ್ಟು ವರ್ಷದಲ್ಲಿ ಅಪ್ಪನಿಗೆ ಸುಳ್ಳು ಎಂಬ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಅವರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಅವತ್ತಿನ ಸುತ್ತು ಮುಗಿಸಿ ಬಂದ ಮೇಲೆ ಕೀಯನ್ನು ಮೊಳೆಗೆ ಹಾಕದೆ ನನ್ನ ಬ್ಯಾಗಿನಲ್ಲಿ ಹಾಕಿಕೊಂಡೆ, ಅವರು ನೋಡುವಂತೆಯೇ.

ಆಮೇಲೆ ಅಪ್ಪ ಬೇರೆ ಥರ ಆದರು. ಅಡುಗೆಮನೆಯ ಕ್ಯಾಲೆಂಡರಿಗೆ ಪೆನ್ಸಿಲ್ಲು ಕಟ್ಟಿ, ಬೆಳಗಿನ ಮಾತ್ರೆ ತೆಗೆದುಕೊಂಡರೆ ಒಂದು ಟಿಕ್, ರಾತ್ರಿಯದಕ್ಕೆ ಒಂದು ಟಿಕ್ ಹಾಕಲು ಶುರು ಮಾಡಿದರು. ನಾನು ಚಪ್ಪಲಿ ಮೆಟ್ಟುವಾಗ, ಗ್ಯಾಸ್ ಆಫ್ ಮಾಡಿದೀನಾ, ಒಂದ್ಸಲ ನೋಡ್ಬಿಡು ಎನ್ನುವರು. ಆಫೀಸಿಗೆ ಫೋನ್ ಮಾಡಿ, ಬೆಳಿಗ್ಗೆ ನಾನು ಹಾಲು ಕಾಯಿಸಿದ್ನಾ ಎಂದು ಕೇಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮೇಲೆ ನಂಬಿಕೆ ಇಲ್ಲ ತಾನೇ, ಎಲ್ಲ ನೀನೇ ನೋಡಿಕೋ ಎಂದು ಚುಚ್ಚುತ್ತಿದ್ದಾರೆ ಅಂದುಕೊಂಡೆ. ಮೇಷ್ಟ್ರ ಬುದ್ಧಿ, ಬಯ್ಯದೆ ಶಿಕ್ಷೆ ಕೊಡುವುದು.

ಮುಂದಿನ ಭಾನುವಾರ ಕಾರು ತೆಗೆದು ನೋಡಿದರೆ ಮೂರನೆಯ ಕರೆ. ಕೀ ವಾರಪೂರ್ತಿ ನನ್ನ ಬ್ಯಾಗಿನಲ್ಲಿತ್ತು. ಆಗ ನೆನಪಾಯಿತು, ಇನ್ನೊಂದು ಕೀ ಇದೆ. ಒಳಗೆ ಹೋಗಿ ಕೈ ಚಾಚಿ ಕೇಳಿದೆ. ಅಪ್ಪ ಬೀರು ತೆಗೆದು, ತಮ್ಮ ಹಳೆಯ ಜಾಮೆಟ್ರಿ ಬಾಕ್ಸಿನಿಂದ ಆ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡು ಒಣಗಿ ಕೀಗೇ ಅಂಟಿಕೊಂಡಿತ್ತು. ಅದನ್ನು ವರ್ಷಗಟ್ಟಲೆ ಯಾರೂ ಮುಟ್ಟಿಲ್ಲವೆಂದು ಕುರುಡರಿಗೂ ಗೊತ್ತಾಗಬೇಕು. ನಾನು ನೋಡಿದೆ, ಆದರೂ ನನ್ನ ತಲೆಗೆ ಹೋಗಲಿಲ್ಲ.

ಅದರ ಮುಂದಿನ ಭಾನುವಾರ ನಾಲ್ಕನೆಯ ಕರೆ ಬಿದ್ದಿತ್ತು. ಎರಡೂ ಕೀ ನನ್ನ ಹತ್ತಿರವೇ ಇದ್ದವು.

ಶೆಡ್ಡಿನ ನಡುವೆ ಪೆಚ್ಚಾಗಿ ನಿಂತೆ. ಆಮೇಲೆ, ಮೊದಲ ದಿನವೇ ನೋಡಬೇಕಾಗಿದ್ದ ಕಡೆ ನೋಡಿದೆ. ಗೇಟಿನ ಹೊಸ್ತಿಲಿಗೆ ಸರಿಯಾಗಿ ಕೂರಿಸಿದ್ದ ಮ್ಯಾಟಿನ ಅಂಚು ಅಲ್ಲಿರಲಿಲ್ಲ. ಅರ್ಧ ಅಡಿ ಒಳಕ್ಕೆ ಹೋಗಿ, ಹಳೆಯ ಸಿಮೆಂಟು ಪಟ್ಟಿಯಂತೆ ಬಿಚ್ಚಿಕೊಂಡಿತ್ತು. ನಾನು ಪ್ರತಿ ವಾರ ಗಕ್ಕನೆ ಬ್ರೇಕ್ ಹಾಕಿದಾಗಲೆಲ್ಲ, ಟೇಪಿಲ್ಲದ ಮ್ಯಾಟು ಆ ಪುಡಿ ನೆಲದ ಮೇಲೆ ಎರಡು ಬೆರಳು ಮುಂದಕ್ಕೆ ಜಾರಿತ್ತು. ಕಾರು ನಿಂತಲ್ಲೇ ನಿಂತಿತ್ತು, ಜರುಗಿದ್ದು ಮ್ಯಾಟು. ಹಳೆಯ ಕರೆ ಮ್ಯಾಟಿನ ಜೊತೆ ಮುಂದೆ ಹೋಗಿ, ಹೊಸದು ಅದರ ಹಿಂದೆ ಬಿದ್ದಿತ್ತು.

ಪಕ್ಕದ ಗೋಡೆಯ ಬುಡದಲ್ಲಿ ಪೆನ್ಸಿಲ್ಲಿನ ಮೂರು ಸಣ್ಣ ಗೆರೆಗಳಿದ್ದವು. ಪಕ್ಕದಲ್ಲಿ ಅಪ್ಪನ ಅಕ್ಷರದಲ್ಲಿ ಸೊನ್ನೆ, ಒಂದು, ಎರಡು. ಸೊನ್ನೆ ನಾನು ಬಯ್ದ ದಿನದ್ದು. ಒಂದು, ಎರಡು ಆಮೇಲಿನ ಎರಡು ಸಲ ನಾನು ಕಾರು ತಂದು ನಿಲ್ಲಿಸಿದ ಮೇಲಿನವು. ಮ್ಯಾಟಿನ ಅಂಚು ಎರಡು ಎಂದು ಬರೆದ ಗೆರೆಗೆ ಸರಿಯಾಗಿ ನಿಂತಿತ್ತು. ಕಣ್ಣು ಮಂಜಾದ ಎಂಬತ್ತೊಂದು ವರ್ಷದ ಮನುಷ್ಯ ಪ್ರತಿ ಸಲ ನೆಲಕ್ಕೆ ಕೂತು ಆ ಗೆರೆ ಎಳೆದಿದ್ದರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು.

ಒಳಗೆ ಹೋದೆ. ಅಪ್ಪ ಕಾಫಿ ಕುಡಿಯುತ್ತಿದ್ದರು. ಅವರ ಕಾಲ ಹತ್ತಿರ ನೆಲದ ಮೇಲೆ ಕೂತು, ತಪ್ಪಾಯಿತು ಅಂದೆ. ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಸುಲಭವಾಗಿ ಬರುವುದಿಲ್ಲ, ನನ್ನ ಬಾಯಲ್ಲಂತೂ ಬರುವುದೇ ಇಲ್ಲ. ಅಳು ಬಂತು, ಅತ್ತೆ. ಮ್ಯಾಟು ಜಾರುತ್ತಿದೆ ಎಂದು ಗೊತ್ತಾದಾಗಲೇ ಹೇಳಬಾರದಿತ್ತೇ, ನನಗೆ ತೋರಿಸಬೇಕೆಂದೇ ತಾನೇ ಗೆರೆ ಎಳೆದದ್ದು ಎಂದು ಕೇಳಿದೆ.

ಅಪ್ಪ ಲೋಟ ಕೆಳಗಿಟ್ಟರು.

"ನಿಂಗ್ ತೋರ್ಸೋಕಲ್ಲ ಪುಟ್ಟಿ. ನೀನು ಅಷ್ಟು ಗಟ್ಟಿಯಾಗಿ ಹೇಳ್ದೆ. ನಾನೇ ಕಾರ್ ತೆಗೆದು ಮರ್ತ್‌ಬಿಟ್ಟಿದೀನೇನೋ ಅನ್ನಿಸ್ತು. ಅದಕ್ಕೇ ಗೆರೆ ಹಾಕ್ಕೊಂಡು ನೋಡ್ದೆ. ಮ್ಯಾಟು ಜರುಗಿದ್ದು ಕಂಡ್ರೂ ನನ್ನ ಕಣ್ಣನ್ನೇ ನಂಬೋಕಾಗ್ಲಿಲ್ಲ."

ಎರಡು ವಾರ ನನ್ನ ತಲೆ ತಿಂದಿದ್ದ ಗ್ಯಾಸು, ಹಾಲು, ಕ್ಯಾಲೆಂಡರಿನ ಟಿಕ್ಕು ಎಲ್ಲ ಒಂದೇ ಸಲ ಅರ್ಥವಾಯಿತು. ಅಪ್ಪ ನನ್ನನ್ನು ಚುಚ್ಚಿರಲಿಲ್ಲ. ತಮ್ಮ ತಲೆ ಇನ್ನೂ ಸರಿಯಾಗಿದೆಯೇ ಎಂದು ಹೆದರಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಆ ಹೆದರಿಕೆ ಹುಟ್ಟಿಸಿದವಳು ನಾನು.

ಅವತ್ತೇ ಟೇಪು ತಂದೆ. ಮ್ಯಾಟನ್ನು ಅರ್ಧರ್ಧ ಮಡಚಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಅಪ್ಪ ಹೇಳಿದ ಕಡೆಯೆಲ್ಲ ಟೇಪು ಅಂಟಿಸಿ ಹೊಸ್ತಿಲಿಗೆ ಸರಿಯಾಗಿ ಕೂರಿಸಿದೆ. ಈಗ ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಎರಡೂ ಕೀಗಳನ್ನು ಫ್ರಿಜ್ಜಿನ ಪಕ್ಕದ ಮೊಳೆಗೆ ಹಾಕಿದ್ದೇನೆ. ನಾನು ಬ್ರೇಕನ್ನು ಮೆಲ್ಲಗೆ ಒತ್ತುವುದನ್ನು ಕಲಿತಿದ್ದೇನೆ, ಅಪ್ಪ ಎಡಗಡೆ ಕೂತು ಈಗಲೂ ಇಲ್ಲದ ಬ್ರೇಕನ್ನು ಒತ್ತುತ್ತಾರೆ. ಅವರ ನೆನಪಿಗೆ ಏನೂ ಆಗಿಲ್ಲವೆಂದು ಡಾಕ್ಟರೂ ಹೇಳಿದರು, ನಾನಂತೂ ದಿನಾ ಹೇಳುತ್ತೇನೆ. ಕ್ಯಾಲೆಂಡರಿನಲ್ಲಿ ಟಿಕ್ ಹಾಕುವುದನ್ನು ಅಪ್ಪ ಇನ್ನೂ ನಿಲ್ಲಿಸಿಲ್ಲ.